ಉಣುಗು ಜ್ವರದ ನಾಯಿಗೆ ಹೊಸ ಮನೆ

ಪ್ರಶ್ನೆ: ತೀರ್ಥಹಳ್ಳಿಯ ರಸ್ತೆಬದಿಯಲ್ಲಿ ಸಿಕ್ಕ ನಾಯಿಯನ್ನು ಮನೆಗೆ ತಂದು ಐದು ದಿನವಾಯಿತು. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರವೆಂದು ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಕೊಟ್ಟಿದ್ದಾರೆ. ಅದು ಜಗಲಿಯ ಮೂಲೆ ಬಿಟ್ಟು ಏಳುವುದಿಲ್ಲ. ಏನು ಮಾಡಲಿ?

ಉತ್ತರ: ಆ ಮೂಲೆಯನ್ನು ಅದಕ್ಕೇ ಬಿಟ್ಟುಕೊಡಿ, ಎಳೆದು ಹೊರತರಬೇಡಿ. ಮಳೆಗಾಲದ ಥಂಡಿ ತಾಗದಂತೆ ದಪ್ಪ ಗೋಣಿಚೀಲ ಹಾಸಿ, ಅನ್ನ ನೀರನ್ನು ಅಲ್ಲಿಯೇ ಇಟ್ಟು, ದಿನವೂ ಸ್ವಲ್ಪ ಹೊತ್ತು ಮುಟ್ಟದೆ ಹತ್ತಿರ ಕುಳಿತಿರಿ. ಅದು ತಾನಾಗಿಯೇ ನಿಮ್ಮ ಕೈ ಮೂಸಲು ಬರುವವರೆಗೆ ಕಾಯುವುದು ಒಳ್ಳೆಯದು. ಈ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ವಾರದಲ್ಲಿಯೇ ನಾಯಿ ಗೆಲುವಾಯಿತೆಂದು ನಿಲ್ಲಿಸಿದರೆ ರೋಗಾಣು ದೇಹದಲ್ಲಿ ಉಳಿದು ಜ್ವರ ಮರುಕಳಿಸಬಹುದು; ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆಯನ್ನು ಬರಿಹೊಟ್ಟೆಗೆ ಕೊಡದೆ ಅನ್ನದೊಂದಿಗೆ ಕೊಡಿ, ಹಾಲು ಬೇಡ. ಮೂಗಿನಲ್ಲಿ ರಕ್ತ ಬಂದರೆ ಅಥವಾ ವಸಡು ಬಿಳಿಚಿದರೆ ಅಂದೇ ವೈದ್ಯರಿಗೆ ತೋರಿಸಿ.