ಹೊಸ ಗುಳಿಗಿ ಶುರು ಮಾಡಿದ ಮ್ಯಾಲೆ ಮೈತುಂಬ ಕೆಂಪು ಬೊಕ್ಕಿ: ಗುಳಿಗಿ ಬಿಡಬೇಕೋ ಬ್ಯಾಡೋ?

ನಿಮ್ಮ ತಂದಿಯವರಿಗೆ ಯೂರಿಕ್ ಆ್ಯಸಿಡ್ ಸಲುವಾಗಿ ಅಲೋಪ್ಯೂರಿನಾಲ್ ಶುರುವಾಗಿ ಹನ್ನೆರಡು ದಿನ, ಈಗ ಎದಿ-ಬೆನ್ನಿನ ತುಂಬ ಬೊಕ್ಕಿ ಎದ್ದಾವ, ಮನ್ಯಾಗ ಎಲ್ಲಾರೂ ‘ಉಷ್ಣ ಆಗೇತಿ’ ಅಂತಾರ ಅಂತ ಬರದೀರಿ. ಇವತ್ತಿನ ಗುಳಿಗಿ ಕೊಡಬ್ಯಾಡ್ರಿ, ಇವತ್ತ ಡಾಕ್ಟರಿಗೆ ತೋರಸ್ರಿ. ಮಜ್ಜಿಗಿ, ಕೊಬ್ಬರಿ ಎಣ್ಣಿ ಆಮ್ಯಾಲೆ.

‘ಇಷ್ಟು ದಿನ ಸುಮ್ಮನಿದ್ದ ಗುಳಿಗಿ ಈಗ್ಯಾಕ?’ ಅಂತ ಕೇಳೀರಿ. ಹೊಸ ಔಷಧದ ಬೊಕ್ಕಿ ಬಹಳ ಸಲ 4ರಿಂದ 14 ದಿನದೊಳಗ ಬರತಾವ. ಮೈ ಅದನ್ನ ಗುರುತು ಹಿಡದು ಸಿಟ್ಟಿಗೇಳಾಕ ಅಷ್ಟು ದಿನ ಬೇಕು. ನಿನ್ನಿ ಉಂಡ ಬದನಿಕಾಯಿ ನಂಜು ಅನ್ನೋದು ಬಿಟ್ಟು, ಎರಡು ತಿಂಗಳಿಂದೀಚೆಗೆ ಹೊಸದಾಗಿ ಏನೇನು ನುಂಗ್ಯಾರ ಬರಕೊಳ್ರಿ.

ನಾನು ಡಾಕ್ಟರ್ ಅಲ್ಲ, ಗದಗಿನ್ಯಾಗ ಕಿರಾಣಿ ಅಂಗಡಿ ಇಟ್ಟಾಂವ. ಒಮ್ಮೆ ಹೊಟ್ಟಿ ಕೆಟ್ಟಾಗ ಔಷಧದ ಅಂಗಡ್ಯಾಗ ಕೇಳಿ ಗುಳಿಗಿ ನುಂಗಿದ್ದೆ; ಕೆಳತುಟಿ ಮ್ಯಾಲೆ ದುಂಡನ ಕರೀ ಕಲಿ ಬಿತ್ತು. ಮನಿಯಾಕಿ ಗುಟ್ಕಾ ಹಾಕ್ತೀರಿ ಅಂತ ಬೈದ್ಲು. ಆರು ತಿಂಗಳಾದ ಮ್ಯಾಲೆ ಬ್ಯಾರೆ ಹೆಸರಿನ ಗುಳಿಗಿ ತಗೊಂಡೆ, ಮೂರು ತಾಸಿನ್ಯಾಗ ಅದ ಜಾಗಾ ಉರದು ಕೆಂಪಾತು. ಚರ್ಮದ ಡಾಕ್ಟರು ಎರಡೂ ಸ್ಟ್ರಿಪ್ ಹೊಳ್ಳಿಸಿ ಸಣ್ಣ ಅಕ್ಷರ ತೋರಿಸಿದ್ರು: ಎರಡರಾಗೂ ಟಿನಿಡಜೋಲ್ ಅನ್ನೋ ಒಂದ ಔಷಧ! ಆ ಹೆಸರು ಬರದ ಚೀಟಿ ಈಗ ಪಾಕೀಟಿನ್ಯಾಗ ಐತಿ. ಗುಟ್ಕಾದ ಆಪಾದನೆ ಮಾತ್ರ ಇನ್ನೂ ಪೂರಾ ಹೋಗಿಲ್ಲ.

ನಂದು ಬರೀ ಕಲಿ. ಅಲೋಪ್ಯೂರಿನಾಲ್, ಸಲ್ಫಾ ಜಾತಿಯ ಆ್ಯಂಟಿಬಯೋಟಿಕ್, ಫಿಟ್ಸಿನ ಕಾರ್ಬಮಜಪಿನ್, ಫೆನಿಟಾಯಿನ್ ಇವು ಅಪರೂಪಕ್ಕ ಸ್ಟೀವನ್ಸ್-ಜಾನ್ಸನ್ ಅನ್ನೋ ಜೀವಕ್ಕ ಕುತ್ತು ತರೋ ರೋಗ ಎಬ್ಬಸ್ತಾವ. ಜ್ವರ, ಬಾಯಾಗ ಹುಣ್ಣು, ಕಣ್ಣು ಕೆಂಪಗಾಗೋದು, ಮುಟ್ಟಿದ್ರ ಚರ್ಮ ನೋಯೋದು, ನೀರಗುಳ್ಳಿ, ಸುಟ್ಟಂಗ ತೊಗಲು ಸುಲಿಯೋದು, ಇಲ್ಲಾ ಮುಖ ಬಾತು ಉಸಿರು ಕಟ್ಟೋದು — ಇದ್ರಾಗ ಒಂದು ಕಂಡ್ರೂ ಬೆಳಗಾಗೋ ತನಕ ಕಾಯಬ್ಯಾಡ್ರಿ. ಗದಗ ಜಿಮ್ಸ್ ಇಲ್ಲಾ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಸರಕಾರಿ ದವಾಖಾನಿ, ಯಾವುದು ಹತ್ರಾನೋ ಅಲ್ಲಿಗೆ ಹೋಗ್ರಿ.

ಇದನ್ನ ಓದೋ ಬ್ಯಾರೇದವರಿಗೆ ಒಂದು ಮಾತು: ಫಿಟ್ಸಿನ ಗುಳಿಗಿ ಆಗಿದ್ರ ಡಾಕ್ಟರನ್ನ ಕೇಳದ ತಾವ ನಿಲ್ಲಿಸಬ್ಯಾಡ್ರಿ. ಒಮ್ಮೆಲೆ ಬಿಟ್ರ ಫಿಟ್ಸ್ ಜೋರಾಗತಾವ, ಅವತ್ತ ಫೋನ್ ಮಾಡಿ ಕೇಳ್ರಿ.

ಹೋಗುವಾಗ ಎಲ್ಲಾ ಗುಳಿಗಿ ಒಯ್ರಿ. ಅಂಗಡ್ಯಾಗ ಸ್ಟ್ರಿಪ್ ಕತ್ತರಿಸಿ ನಾಕು ಗುಳಿಗಿ ಕೊಟ್ಟಿದ್ರ ಅದರ ಮ್ಯಾಲೆ ಹೆಸರ ಇರಂಗಿಲ್ಲ, ಬಿಲ್ ಹುಡುಕಿ ಇಟ್ಕೊಳ್ರಿ. ಬೊಕ್ಕಿ ಫೋಟೋನೂ ಈಗ ತಗೀರಿ, ಸಂಜಿಕ ರೂಪ ಬದಲಾಗಬಹುದು.