ಓದುಗರ ಪ್ರಶ್ನೆ, ನಮ್ಮ ಉತ್ತರ: ಸತ್ತವನೇ ಸಾಕ್ಷಿ ಹೇಳಿದರೆ ರಹಸ್ಯ ಉಳಿಯುವುದೆಲ್ಲಿ?

ಪ್ರಶ್ನೆ: ನಾನೊಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಸತ್ತವರನ್ನು ಎಬ್ಬಿಸಿ ಮಾತನಾಡಿಸುವ ವಿದ್ಯೆಯನ್ನು ನಾಯಕಿ ತನ್ನ ಅಜ್ಜಿಯಿಂದ ಕಲಿತಿದ್ದಾಳೆ. ಹಸ್ತಪ್ರತಿ ಓದಿದ ಗೆಳತಿ, “ಕೊಲೆಯಾದವನನ್ನೇ ಕೇಳಬಹುದಾದರೆ ಮೂರನೆಯ ಅಧ್ಯಾಯಕ್ಕೇ ಕಥೆ ಮುಗಿಯಿತಲ್ಲ” ಎಂದಳು. ವಿದ್ಯೆಯನ್ನು ಕುಗ್ಗಿಸಿದರೆ ನಾಯಕಿ ಸಪ್ಪೆಯಾಗುತ್ತಾಳೆ. ಏನು ಮಾಡಲಿ?
— ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಗೆಳತಿ ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಕಥೆಗಾರರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಪ್ರಕಾರಕ್ಕೆ ಹತ್ತು ಕಟ್ಟಳೆಗಳನ್ನು ಬರೆದಾಗ, ಅತಿಮಾನುಷ ಶಕ್ತಿಗಳಿಗೆ ಇಲ್ಲಿ ಪ್ರವೇಶವೇ ಇಲ್ಲವೆಂದು ಎರಡನೆಯ ಕಟ್ಟಳೆಯಲ್ಲಿಯೇ ಹೇಳಿದರು. ಓದುಗ ತನ್ನ ಬುದ್ಧಿಯಿಂದ ಬಿಡಿಸಬೇಕಾದ ಗಂಟನ್ನು ದೆವ್ವವೊಂದು ಬಂದು ಬಿಚ್ಚಿಬಿಟ್ಟರೆ ಅದು ಓದುಗನಿಗೆ ಬಗೆದ ವಂಚನೆಯೇ ಸರಿ. ಆದರೂ ನಿಮ್ಮ ನಾಯಕಿಯ ವಿದ್ಯೆಯನ್ನು ಕುಗ್ಗಿಸಬೇಡಿರೆಂದೇ ನನ್ನ ಸಲಹೆ. ಕೊರತೆ ಇರುವುದು ಆಕೆಯ ವಿದ್ಯೆಯಲ್ಲಲ್ಲ, ನೀವು ಸತ್ತವನನ್ನು ಚಿತ್ರಿಸಿರುವ ಬಗೆಯಲ್ಲಿ ಎಂದು ನನಗೆ ತೋರುತ್ತದೆ. ಅವನು ಹೆಸರೊಂದನ್ನು ಹೇಳಿ ಮತ್ತೆ ಮಲಗುವ ಯಂತ್ರದಂತಿದ್ದಾನೆ. ಅವನಿಗೆ ಅಭಿಮಾನವಿಲ್ಲ, ನಾಚಿಕೆಯಿಲ್ಲ, ಮುಚ್ಚಿಡಬೇಕಾದದ್ದೂ ಇಲ್ಲ.

ಹೆಣದ ಬಾಯಿಂದ ಕೊಲೆಗಾರನ ಹೆಸರು ಹೇಳಿಸುವ ಕಥೆ ಹೊಸದಲ್ಲ. ಇಂದಿನ ಅಲ್ಜೀರಿಯಾಕ್ಕೆ ಸೇರಿದ ಊರಿನಲ್ಲಿ ಹುಟ್ಟಿದ ಅಪುಲೇಯಸ್ ಕ್ರಿ.ಶ. ಎರಡನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ, ಕತ್ತೆಯಾಗಿಬಿಟ್ಟ ಮನುಷ್ಯನ ಕಥೆಯ ಎರಡನೆಯ ಭಾಗದಲ್ಲಿ ಅದು ಬರುತ್ತದೆ. ಗ್ರೀಸಿನ ಲಾರಿಸ್ಸಾ ಪಟ್ಟಣದಲ್ಲಿ ಮಾಟಗಾತಿಯರು ಹೆಣಗಳ ಮುಖವನ್ನು ಕಚ್ಚಿ ಒಯ್ಯುತ್ತಾರೆಂಬ ಭಯದಿಂದ, ಥೆಲಿಫ್ರಾನ್ ಎಂಬ ಬಡ ಪ್ರಯಾಣಿಕನನ್ನು ಒಂದು ಶವದ ಕಾವಲಿಗೆ ಇರಿಸಲಾಗುತ್ತದೆ. ಅವನಿಗೆ ನಿದ್ದೆ ಹತ್ತುತ್ತದೆ. ಬೆಳಗಾಗುವಾಗ ಶವದ ಮುಖ ಇದ್ದಂತೆಯೇ ಇರುತ್ತದೆ. ಶವಯಾತ್ರೆಯ ನಡುವೆ ಮುದುಕನೊಬ್ಬ ಬಂದು, ಸತ್ತವನಿಗೆ ಹೆಂಡತಿಯೇ ವಿಷವಿಕ್ಕಿದಳೆಂದು ಕೂಗುತ್ತಾನೆ. ಈಜಿಪ್ಟಿನ ಪುರೋಹಿತನೊಬ್ಬ ಶವದ ಬಾಯಿಯ ಮೇಲೂ ಎದೆಯ ಮೇಲೂ ಮೂಲಿಕೆಗಳನ್ನಿಟ್ಟು ಎಬ್ಬಿಸಿದಾಗ, ನನ್ನನ್ನು ಏಕೆ ಹಿಂದಕ್ಕೆ ಕರೆದಿರಿ ಎಂದು ಮೊದಲು ನರಳಿದ ಅದು, ಆಮೇಲೆ ಹೆಂಡತಿಯತ್ತ ಬೆರಳು ಮಾಡುತ್ತದೆ.

ನಿಮ್ಮ ಗೆಳತಿಯ ಲೆಕ್ಕದಲ್ಲಿ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅಪುಲೇಯಸ್ ಮುಗಿಸುವುದಿಲ್ಲ. ಜನ ಎರಡು ಪಾಲಾಗುತ್ತಾರೆ: ಆ ಹೆಂಗಸನ್ನು ಗಂಡನೊಡನೆ ಜೀವಂತ ಹೂಳಿರಿ ಎಂದು ಕೆಲವರು, ಹೆಣ ಹೇಳಿದ ಸುಳ್ಳನ್ನು ನಂಬಬಾರದು ಎಂದು ಉಳಿದವರು. ಆಗ ಶವ ಯಾರಿಗೂ ತಿಳಿದಿರದ ಸಂಗತಿಯೊಂದನ್ನು ಪುರಾವೆಯಾಗಿ ಮುಂದಿಡುತ್ತದೆ. ರಾತ್ರಿ ಮಾಟಗಾತಿಯರು ತನ್ನ ಹೆಸರು ಹಿಡಿದು ಕರೆದರು; ಕಾವಲಿನವನ ಹೆಸರೂ ಅದೇ ಆಗಿದ್ದುದರಿಂದ ಅವನು ನಿದ್ದೆಯಲ್ಲಿಯೇ ಎದ್ದು ಹೋದ; ಅವರು ಅವನ ಮೂಗು ಕಿವಿಗಳನ್ನು ಕೊಯ್ದು ಮೇಣದವನ್ನು ಅಂಟಿಸಿದರು. ಥೆಲಿಫ್ರಾನ್ ಗಾಬರಿಯಿಂದ ಮುಖ ಮುಟ್ಟಿಕೊಂಡಾಗ ಮೂಗು ಕಳಚಿ ಕೈಗೆ ಬರುತ್ತದೆ. ಈ ಪುಟವನ್ನು ಓದಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ, ಮೂಗು ಬಿದ್ದುದಕ್ಕೆ ಮಾತ್ರವಲ್ಲ, ಸತ್ತವನ ಮಾತನ್ನೂ ಬದುಕಿರುವವರ ಮಾತಿನಂತೆಯೇ ತೂಗಿ ನೋಡಬೇಕೆಂದು ಅಷ್ಟು ಹಿಂದೆಯೇ ಒಬ್ಬ ಕಥೆಗಾರನಿಗೆ ಹೊಳೆದಿತ್ತಲ್ಲ ಎಂಬುದಕ್ಕೆ. ನಿಮ್ಮ ಮೂರನೆಯ ಅಧ್ಯಾಯದಲ್ಲಿ ಸತ್ತವನು ಹೆಸರು ಹೇಳಲಿ. ಅದನ್ನು ಯಾರು ನಂಬುತ್ತಾರೆ, ಯಾವ ನ್ಯಾಯಾಲಯ ದಾಖಲಿಸಿಕೊಳ್ಳುತ್ತದೆ ಎಂಬಲ್ಲಿಂದ ನಾಯಕಿಯ ಪತ್ತೇದಾರಿಕೆ ಶುರುವಾಗಲಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಜಪಾನಿನ ಅಕುತಗಾವ. 1922ರಲ್ಲಿ ಪ್ರಕಟವಾದ ಅವರ ಕಥೆಯನ್ನು, ಕುರೊಸಾವಾ 1950ರಲ್ಲಿ ತೆಗೆದ ‘ರಶೋಮನ್’ ಚಲನಚಿತ್ರದ ಮೂಲಕ ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ ಸತ್ತವನು ಒಬ್ಬ ಸಮುರಾಯ್, ಅಂದರೆ ಜಪಾನಿನ ಯೋಧ. ಡಕಾಯಿತ ತಾನೇ ಕೊಂದೆನೆನ್ನುತ್ತಾನೆ, ಸತ್ತವನ ಹೆಂಡತಿ ತಾನೇ ಕೊಂದೆನೆನ್ನುತ್ತಾಳೆ. ಸತ್ತ ಸಮುರಾಯ್ ಒಬ್ಬ ಹೆಂಗಸಿನ ಮೈಮೇಲೆ ಬಂದು, ತನ್ನನ್ನು ಯಾರೂ ಕೊಲ್ಲಲಿಲ್ಲ, ತಾನೇ ಇರಿದುಕೊಂಡೆ ಎನ್ನುತ್ತಾನೆ. ಸತ್ತ ಮಾತ್ರಕ್ಕೆ ಅವನ ಮಾತು ಉಳಿದಿಬ್ಬರ ಮಾತಿಗಿಂತ ಹೆಚ್ಚು ನಂಬುವಂಥದ್ದಾಗುವುದಿಲ್ಲ. ಇದಲ್ಲದೆ, ಹಿಂದಿನಿಂದ ಪೆಟ್ಟು ತಿಂದವನಿಗೆ ಹೊಡೆದವನ ಮುಖ ಗೊತ್ತಿರುವುದಿಲ್ಲ. ಊಟದಲ್ಲಿ ವಿಷ ಉಂಡವನಿಗೆ ಬಡಿಸಿದ ಕೈ ಗೊತ್ತು, ಬೆರೆಸಿದ ಕೈ ಗೊತ್ತಿಲ್ಲ. ನಿಮ್ಮ ಸತ್ತವನು ಪ್ರಾಮಾಣಿಕವಾಗಿ ತಪ್ಪು ಹೆಸರನ್ನೇ ಹೇಳಬಹುದು. ಅದರ ಸಾಧ್ಯತೆಗಳನ್ನು ಯೋಚಿಸಿ ನೋಡಿ.

ಪ್ರಶ್ನೆ: ಇಂಥ ಕಥೆಗಳಲ್ಲಿ ಹೆಣ್ಣು ಬಂದರೆ ಕೆದರಿದ ಕೂದಲಿನ ಮಾಟಗಾತಿಯಾಗಿಯೇ ಬರುತ್ತಾಳೆ. ಗಟ್ಟಿ ನಾಯಕಿಯಾಗಿ ಆಕೆಯನ್ನು ಬರೆದವರಿಲ್ಲವೇ?
— ಧಾರವಾಡದ ಓದುಗರು

ಉತ್ತರ: ಇದ್ದಾರೆ. ಅದಕ್ಕೆ ಮೊದಲು ನೀವು ಹೇಳಿದ ಮಾಟಗಾತಿಯನ್ನೇ ಒಮ್ಮೆ ನೋಡೋಣ. ಒಂದನೆಯ ಶತಮಾನದ ರೋಮನ್ ಕವಿ ಲೂಕನ್, ಸೀಸರ್ ಮತ್ತು ಪಾಂಪೆಯರ ನಡುವೆ ಕ್ರಿ.ಪೂ. 48ರಲ್ಲಿ ನಡೆದ ಫಾರ್ಸಾಲಸ್ ಕದನದ ಹಿಂದಿನ ರಾತ್ರಿ ಎರಿಕ್ಥೋ ಎಂಬವಳು ಹೆಣದಿಂದ ಭವಿಷ್ಯ ನುಡಿಸುವ ದೃಶ್ಯವನ್ನು ಬರೆದಿದ್ದಾನೆ. ಅದಕ್ಕೆ ಮೊದಲೇ ಕಾದಾಟದಲ್ಲಿ ಬಿದ್ದ ಶವಗಳ ನಡುವೆ ಆಕೆ ಹುಡುಕುವುದು ಗಾಯವಾಗದ ಶ್ವಾಸಕೋಶವನ್ನು, ಏಕೆಂದರೆ ಉಸಿರಿನ ಚೀಲ ಹರಿದಿದ್ದರೆ ಹೆಣ ಮಾತನಾಡಲಾರದು. ಕಸುಬು ಬಲ್ಲವಳ ಕಣ್ಣು ಅದು. ನಾಯಕಿಯೊಬ್ಬಳಿಗೆ ಮಂತ್ರಕ್ಕಿಂತ ಇಂಥ ಒಂದು ವಿವರ ಹೆಚ್ಚು ಬಲ ಕೊಡುತ್ತದೆ. ಹಿಂದಿರುಗಲು ಹಿಂಜರಿದ ಪ್ರಾಣವನ್ನು ಬೆದರಿಸಿ ತರುವ ಆ ಕ್ರೂರಿಯೂ, ಮಾತು ಮುಗಿದ ಮೇಲೆ ಇನ್ನಾರೂ ಎಬ್ಬಿಸದಂತೆ ಅವನಿಗೆ ಚಿತೆ ಮಾಡಿ ಕೊಟ್ಟ ಮಾತು ಉಳಿಸಿಕೊಳ್ಳುತ್ತಾಳೆ. ಹೆಲಿಯೊಡೋರಸ್‌ನ ಗ್ರೀಕ್ ಕಾದಂಬರಿಯಲ್ಲಿ ಸತ್ತ ಮಗನನ್ನು ತಾಯಿಯೇ ಎಬ್ಬಿಸಿ, ಇನ್ನೊಬ್ಬ ಮಗನ ಗತಿ ಕೇಳುತ್ತಾಳೆ. ಸತ್ತವನು ಉತ್ತರಿಸುವ ಮೊದಲು, ಮಾಡಬಾರದ್ದನ್ನು ಮಾಡಿದೆಯೆಂದು ತಾಯಿಯನ್ನು ಜರೆಯುತ್ತಾನೆ. ನನಗೆ ಇದರಷ್ಟು ಸಂಕಟ ತಂದ ಶವಸಂಭಾಷಣೆ ಇನ್ನೊಂದಿಲ್ಲ.

ಗಟ್ಟಿ ನಾಯಕಿಯೆಂದರೆ ನಾನು ಮೊದಲು ಹೆಸರಿಸುವುದು ಆಸ್ಟ್ರೇಲಿಯಾದ ಗಾರ್ತ್ ನಿಕ್ಸ್ 1995ರಲ್ಲಿ ಪ್ರಕಟಿಸಿದ ‘ಸ್ಯಾಬ್ರಿಯೆಲ್’ ಕಾದಂಬರಿಯ ಹುಡುಗಿಯನ್ನು. ಹದಿನೆಂಟರ ಹರೆಯದ ಆಕೆಯ ಕೆಲಸ ಸತ್ತವರನ್ನು ಎಬ್ಬಿಸುವುದಲ್ಲ, ಎದ್ದವರನ್ನು ಮತ್ತೆ ಮಲಗಿಸುವುದು. ಎದೆಗೆ ಅಡ್ಡಲಾಗಿ ಕಟ್ಟಿದ ಏಳು ಗಂಟೆಗಳು ಆಕೆಯ ಆಯುಧ. ಎರಡನೆಯ ಗಂಟೆ ಸತ್ತವನನ್ನು ಬದುಕಿನತ್ತ ಎಳೆದಷ್ಟೂ ಬಾರಿಸಿದವಳನ್ನು ಸಾವಿನತ್ತ ನೂಕುತ್ತದೆ. ಏಳನೆಯದು ಕೇಳಿದವರೆಲ್ಲರನ್ನೂ, ಬಾರಿಸಿದವಳನ್ನೂ ಸೇರಿಸಿ, ಸಾವಿಗೆ ಒಯ್ಯುತ್ತದೆ. ಆಕೆಯ ಶಕ್ತಿ ನಮಗೆ ಮುಖ್ಯವಾಗುವುದು ಪ್ರತಿ ಪ್ರಯೋಗಕ್ಕೂ ಆಕೆ ತೆರಬೇಕಾದ ಬೆಲೆ ನಮಗೆ ಮೊದಲೇ ಗೊತ್ತಿರುವುದರಿಂದ. ಸಂಸ್ಕೃತದಲ್ಲಿಯೂ, ಭವಭೂತಿಯ ‘ಮಾಲತೀಮಾಧವ’ ನಾಟಕದಲ್ಲಿ ಕಾಪಾಲಿಕ (ತಲೆಬುರುಡೆ ಹಿಡಿದ ಶೈವ ತಾಂತ್ರಿಕರ) ಸಾಧನೆಯ ಇಬ್ಬರು ಹೆಂಗಸರಿದ್ದಾರೆ: ತನ್ನ ಗುರುವನ್ನು ನಾಯಕ ಮಾಧವ ಕೊಂದದ್ದಕ್ಕೆ ಸೇಡಾಗಿ ನಾಯಕಿ ಮಾಲತಿಯನ್ನು ಹೊತ್ತೊಯ್ಯುವ ಕಪಾಲಕುಂಡಲೆ, ಅಂಥದೇ ಸಿದ್ಧಿಯಿಂದ ಅವಳನ್ನು ಉಳಿಸುವ ಸೌದಾಮಿನಿ. ಸೌದಾಮಿನಿಯ ಮೇಲೆ ಯಾರೂ ಒಂದು ಕಾದಂಬರಿ ಬರೆಯಬಾರದೇಕೆ?

ಪ್ರಶ್ನೆ: ‘ನೆಕ್ರೊಮ್ಯಾನ್ಸರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಮಾಟಗಾತಿ’ ಸಾಕೇ?
— ಮೈಸೂರಿನ ಓದುಗರು

ಉತ್ತರ: ಸಾಲದು. ಮಾಟ ಬದುಕಿರುವವರ ಮೇಲೆ ಮಾಡುವಂಥದ್ದು. ಮೂಲ ಗ್ರೀಕಿನಲ್ಲಿ ‘ನೆಕ್ರೋಸ್’ ಎಂದರೆ ಹೆಣ, ‘ಮಾಂತೆಯಾ’ ಎಂದರೆ ನಮ್ಮ ಕೊರವಂಜಿ ಹೇಳುವಂಥ ಕಣಿ. ಮಧ್ಯಯುಗದ ಯೂರೋಪಿನಲ್ಲಿ ಮೊದಲ ಪದವನ್ನು ‘ನಿಗ್ರೊ’, ಅಂದರೆ ಕಪ್ಪು ಎಂದು ತಿರುಚಿಕೊಂಡದ್ದರಿಂದ ಈ ಹೆಸರು ಎಲ್ಲ ಬಗೆಯ ಕರಾಳ ವಿದ್ಯೆಗೂ ಅಂಟಿಕೊಂಡಿತು. ಪದದ ಹುಟ್ಟಿನಲ್ಲಿದ್ದದ್ದು ಸತ್ತವರಲ್ಲಿ ಕೇಳಿ ತಿಳಿಯುವುದಷ್ಟೇ. ಆದ್ದರಿಂದ ‘ಪ್ರೇತದ ಕಣಿ ಕೇಳುವವಳು’ ಎಂಬುದು ನನಗೆ ಹತ್ತಿರವೆನಿಸುತ್ತದೆ. ಒಂದೇ ಪದ ಬೇಕಿದ್ದರೆ ‘ಪ್ರೇತವಾದಿನಿ’ ಎನ್ನಬಹುದು. ಕಥೆಯೊಳಗಿನ ನೆರೆಹೊರೆಯವರು ಮಾತ್ರ ಆಕೆಯನ್ನು ‘ಹೆಣ ಮಾತಾಡಿಸುವವಳು’ ಎಂದೇ ಕರೆಯಲಿ.