ಕ್ಷಯರೋಗ ಗಂಡಸರಿಗೇ ಹೆಚ್ಚು ಬರುತ್ತದೆಯೇ? ಚಿಕಿತ್ಸೆಯಲ್ಲೂ ವ್ಯತ್ಯಾಸ ಇದೆಯೇ?

ಹೌದು, ಗಂಡಸರಲ್ಲಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಹೊಸದಾಗಿ ಟಿಬಿ ಬಂದವರಲ್ಲಿ ಸುಮಾರು 55% ಗಂಡಸರು, 33% ಹೆಂಗಸರು, ಉಳಿದವರು ಮಕ್ಕಳು. ಧೂಮಪಾನ, ಮದ್ಯಪಾನ, ದೂಳು ತುಂಬಿದ ಕೆಲಸದ ಜಾಗ ಇದಕ್ಕೆ ಮುಖ್ಯ ಕಾರಣಗಳು. ಕೂಲಿ ತಪ್ಪುತ್ತದೆಂದು ಪರೀಕ್ಷೆ ಮುಂದೂಡುವವರೂ, ಮಾತ್ರೆಯನ್ನು ನಡುವೆ ಬಿಡುವವರೂ ಗಂಡಸರಲ್ಲೇ ಜಾಸ್ತಿ. ಹಾಗಾಗಿ ಸಾವೂ ಅವರಲ್ಲೇ ಹೆಚ್ಚು.

ಆದರೆ ಇದನ್ನು ಓದಿ ಹೆಂಗಸರು ಸುರಕ್ಷಿತ ಅಂದುಕೊಳ್ಳಬೇಡಿ. ಅವರಲ್ಲಿ ರೋಗ ಪತ್ತೆಯಾಗುವ ಹಾದಿಯೇ ಬೇರೆ. ನಾಲ್ಕು ಜನರ ಎದುರು ಕೆಮ್ಮಿ ಕಫ ತೆಗೆಯಲು ಸಂಕೋಚವಾಗಿ ಬರೀ ಎಂಜಲು ಕೊಟ್ಟರೆ ವರದಿ 'ನೆಗೆಟಿವ್' ಬಂದುಬಿಡಬಹುದು. ಕಫ ಹೇಗೆ ತೆಗೆಯಬೇಕೆಂದು ಎರಡು ನಿಮಿಷ ಬಿಡಿಸಿ ಹೇಳಿದರೆ ಪತ್ತೆ ಪ್ರಮಾಣ ಏರುತ್ತದೆ. ಇಷ್ಟು ಸುಲಭದ ಕೆಲಸ ಎಷ್ಟೋ ಕಡೆ ಆಗುವುದಿಲ್ಲ ಎಂಬುದೇ ನನಗೆ ಬೇಸರ. ಶ್ವಾಸಕೋಶದ ಹೊರಗಿನ ಟಿಬಿ, ಮುಖ್ಯವಾಗಿ ಕುತ್ತಿಗೆಯ ಗಂಟುಗಳದ್ದು, ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ. ಗರ್ಭನಾಳದ ಟಿಬಿಯಂತೂ ಕೆಮ್ಮೇ ಇಲ್ಲದೆ ಬಂಜೆತನವಾಗಿ ಮಾತ್ರ ತೋರಬಹುದು.

ಔಷಧಿ ಇಬ್ಬರಿಗೂ ಒಂದೇ. ಆದರೆ ಅದರಲ್ಲಿರುವ ರಿಫಾಂಪಿಸಿನ್ ಎಂಬ ಟಿಬಿ ಔಷಧಿ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ, ಬೇರೆ ವಿಧಾನ ಬೇಕು. ಗರ್ಭಿಣಿಯರು ಸಾಮಾನ್ಯ ಟಿಬಿ ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬಹುದು, ನಿಲ್ಲಿಸಲೇಬಾರದು. ಸ್ಟ್ರೆಪ್ಟೊಮೈಸಿನ್ ಎಂಬ ಟಿಬಿ ಚುಚ್ಚುಮದ್ದು ಮಾತ್ರ ಬೇಡ, ಮಗುವಿನ ಕಿವಿಗೆ ಹಾನಿಯಾಗಬಹುದು.